ತಾಳ ಹುಡುಕಬೇಡಿ, ಮೊದಲು ಮೂಲ ಹಾಡು ಕೇಳಿ

"ಕರ್ನಾಟಕ ಸಂಗೀತ ಕೇಳಿ ಬೆಳೆದವನು ನಾನು. ಫ್ರೆಂಚ್ ಚರ್ಚ್ ಆರ್ಗನ್ ಹಾಕಿದರೆ ಬರೀ ಗುಂಯ್‌ಗುಡುತ್ತದೆ, ತಾಳವೂ ಸಿಗುವುದಿಲ್ಲ, ಎಲ್ಲಿಂದ ಶುರು ಮಾಡಲಿ?" ಅಂತ ಕೇಳಿದ್ದೀರಿ.

ಸಾಲು ಸಾಲು ಕೊಳವೆಗಳಿಗೆ ಗಾಳಿ ಹಾಯಿಸಿ ನುಡಿಸುವ ಈ ವಾದ್ಯದ ಜೊತೆ ನನ್ನದೂ ಇದೇ ಕಥೆ. ಕೆಲಸಕ್ಕೆಂದು ಪ್ಯಾರಿಸ್‌ನಲ್ಲಿದ್ದಾಗ ಭಾನುವಾರ ಸೇಂಟ್ ಸುಲ್ಪಿಸ್ ಚರ್ಚಿಗೆ ಹೋಗಿ ಕೂರುತ್ತಿದ್ದೆ. ಸಂಗೀತಕ್ಕಲ್ಲ, ಕಟ್ಟಡ ನೋಡುವುದಕ್ಕೆ. ಆರು ತಿಂಗಳಾದರೂ ಕಿವಿಗೆ ಏನೂ ಹತ್ತಲಿಲ್ಲ. ಆಮೇಲೆ ಗೊತ್ತಾಯಿತು: ಪಲ್ಲವಿಯ ಸಾಲೇ ತಿಳಿಯದೆ, ಅದನ್ನು ಬಗೆಬಗೆಯಾಗಿ ಹಿಗ್ಗಿಸುವ ನೆರವಲ್ ಕೇಳುತ್ತಿದ್ದೆ!

ಈ ಸಂಗೀತದಲ್ಲಿ ದೊಡ್ಡ ಪಾಲು ನಿಂತಿರುವುದು ಗ್ರೆಗೋರಿಯನ್ ಗಾಯನದ ಮೇಲೆ, ಅಂದರೆ ಕ್ಯಾಥೊಲಿಕ್ ಚರ್ಚಿನ ಹಳೆಯ ಪ್ರಾರ್ಥನಾ ಹಾಡುಗಳ ಮೇಲೆ. ಲ್ಯಾಟಿನ್ ಸಾಹಿತ್ಯ, ಎಲ್ಲರೂ ಒಂದೇ ಧಾಟಿಯಲ್ಲಿ ಹಾಡುವುದು, ತಾಳದ ಕಟ್ಟು ಇಲ್ಲ. ಉಗಾಭೋಗದಲ್ಲಿ ಮಾತಿನ ಉಸಿರೇ ಲಯವಾಗುತ್ತದಲ್ಲ, ಹಾಗೆ. ತೊಡೆ ತಟ್ಟಿ ತಾಳ ಹಾಕುವುದನ್ನು ಬಿಟ್ಟುಬಿಡಿ.

'ವೇನಿ ಕ್ರಿಯಾತೋರ್' ಎಂಬ ಹಾಡಿನಿಂದ ಶುರು ಮಾಡಿ. ಪವಿತ್ರಾತ್ಮವನ್ನು ಕರೆಯುವ ಹಳೆಯ ಸ್ತೋತ್ರ, ಯೂಟ್ಯೂಬ್‌ನಲ್ಲಿ ಬರೀ ಕಂಠದಲ್ಲಿ ಸಿಗುತ್ತದೆ. ಸ್ವರಗಳು ಹರಿಕಾಂಭೋಜಿಯವು (ರಾಗ ಅಲ್ಲ, ಸ್ವರಗಳು ಮಾತ್ರ). ಷಡ್ಜದ ಸುತ್ತ ಸುಳಿದಾಡಿ, ಕೆಳಗಿನ ನಿಷಾದ ಮುಟ್ಟಿ, ಪಟ್ಟನೆ ಮಧ್ಯಮಕ್ಕೆ ಜಿಗಿಯುವ ಆ ಮೊದಲ ಸಾಲು ಗುನುಗಲು ಬರುವ ತನಕ ಕೇಳಿ. ಆಮೇಲೆ ಅದರ ಮೇಲೆ ಫ್ರೆಂಚ್ ಆರ್ಗನ್ ವಾದಕ ಮೋರಿಸ್ ಡ್ಯುರುಫ್ಲೆ 1930ರಲ್ಲಿ ಬರೆದ ಆರ್ಗನ್ ಕೃತಿ ಹಾಕಿ. ಇಪ್ಪತ್ತು ನಿಮಿಷದ ಆಸುಪಾಸು. ಮೊದಲ ಭಾಗದಲ್ಲಿ ಓಡುವ ಸ್ವರಗಳ ನಡುವೆ ಹಾಡಿನ ಚೂರುಗಳು ಇಣುಕಿ ಮರೆಯಾಗುತ್ತವೆ. ಪೂರ್ತಿ ಹಾಡು ಬರುವುದು ಮೂರನೇ ಭಾಗದಲ್ಲಿ. ಅಲ್ಲಿಂದ ಮುಂದೆ ನಾಲ್ಕು ರೂಪಾಂತರಗಳು, ಕೊನೆಯದಂತೂ ಕಟ್ಟೆ ಒಡೆದ ಹೊಳೆ. ಹಾಡು ಮೊದಲೇ ಗೊತ್ತಿದ್ದರೆ ಆ ಕಾಯುವಿಕೆಯಲ್ಲೇ ಅರ್ಧ ಸುಖ.

ನಿಮಗೆ ಮನೋಧರ್ಮ, ಅಂದರೆ ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುವುದು, ಇಷ್ಟವಿದ್ದರೆ ಮುಂದಿನದು ಇನ್ನೊಬ್ಬ ಆರ್ಗನ್ ವಾದಕ ಶಾರ್ಲ್ ತೂರ್ನೆಮೀರ್. ವರ್ಷದ ಒಂದೊಂದು ಭಾನುವಾರಕ್ಕೂ ಹಬ್ಬಕ್ಕೂ ಆಯಾ ದಿನದ ಗ್ರೆಗೋರಿಯನ್ ಹಾಡುಗಳನ್ನೇ ಹಿಡಿದು 1927ರಿಂದ 1932ರ ನಡುವೆ 253 ತುಣುಕು ಬರೆದ ಪುಣ್ಯಾತ್ಮ. ಅದನ್ನು ಈಗಲೇ ಮುಟ್ಟಬೇಡಿ, ದಿಕ್ಕು ತಪ್ಪುತ್ತೀರಿ. 1930-31ರಲ್ಲಿ ಆತ ಸೇಂಟ್ ಕ್ಲೊಟಿಲ್ಡ್ ಚರ್ಚಿನಲ್ಲಿ ಅಲ್ಲೇ ಹುಟ್ಟಿಸಿ ನುಡಿಸಿದ ಐದು ತುಣುಕು ರೆಕಾರ್ಡ್ ಆಗಿವೆ. ಶಿಷ್ಯನಾಗಿದ್ದ ಡ್ಯುರುಫ್ಲೆ ಆ ಗ್ರಾಮಫೋನ್ ತಟ್ಟೆಗಳನ್ನು ಕೇಳಿ ಕೇಳಿ ಸ್ವರ ಬರೆದು 1958ರಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಈಸ್ಟರ್ ಹಾಡಿನ ಮೇಲಿನದನ್ನು ಕೇಳಿ.

ಚಿತ್ರಕ್ಕೂ ಇದಕ್ಕೂ ನಂಟಿದೆ. ಕ್ಯಾಥೊಲಿಕ್ ಚರ್ಚುಗಳ ಗೋಡೆಯ ಮೇಲೆ ಹದಿನಾಲ್ಕು ಫಲಕಗಳಲ್ಲಿ ಶಿಲುಬೆಯ ಹಾದಿ (ಶಿಲುಬೆ ಹೊತ್ತ ಯೇಸುವಿನ ಕೊನೆಯ ನಡಿಗೆಯ ಘಟ್ಟಗಳು) ಇರುತ್ತದೆ, ಮಂಗಳೂರಿನ ಕಡೆಯವರಿಗೆ ಹೇಳಬೇಕಿಲ್ಲ. ಮಾರ್ಸೆಲ್ ದ್ಯುಪ್ರೇ ಎಂಬ ಆರ್ಗನ್ ವಾದಕ ಅದೇ ಹದಿನಾಲ್ಕು ನಿಲ್ದಾಣಗಳನ್ನು 1931ರಲ್ಲಿ ಆರ್ಗನ್ನಿನಲ್ಲಿ ಆಶುವಾಗಿ ನುಡಿಸಿ, ಆಮೇಲೆ ಬರೆದಿಟ್ಟರು. ನನಗೆ ಸ್ವಲ್ಪ ಉದ್ದವೆನಿಸಿತು.

ಸ್ವರವನ್ನು ಜಾರಿಸಿ ಆಡಿಸುವ ಗಮಕವನ್ನು ಮಾತ್ರ ಇಲ್ಲಿ ನಿರೀಕ್ಷಿಸಬೇಡಿ. ಒಂದು ಕೊಳವೆಗೆ ಒಂದೇ ಸ್ವರ, ಜಾರುವ ಮಾತೇ ಇಲ್ಲ. ಬದಲಿಗೆ ಎರಡು ಸಾಲು ಕೊಳವೆಗಳನ್ನು ಬೇಕಂತಲೇ ಒಂಚೂರು ಶ್ರುತಿ ತಪ್ಪಿಸಿ ಒಟ್ಟಿಗೆ ನುಡಿಸುತ್ತಾರೆ. ಸ್ವರ ಬಿಸಿಲಲ್ಲಿ ನೀರು ಮಿನುಗಿದ ಹಾಗೆ ನಡುಗುತ್ತದೆ. ನಿಧಾನದ ತುಣುಕುಗಳಲ್ಲಿ ಇದನ್ನೇ ಕಾದು ಕೇಳಿ.

ತಾಳ ಬೇಕೇ ಬೇಕು ಅಂದರೆ ಫ್ರೆಂಚ್ ಸಂಯೋಜಕ ಒಲಿವಿಯೇ ಮೆಸಿಯಾನ್ ಇದ್ದಾರೆ. ಶಾರ್ಙ್ಗದೇವನ ಹಳೆಯ ಸಂಗೀತ ಗ್ರಂಥ 'ಸಂಗೀತ ರತ್ನಾಕರ'ದ 120 ದೇಶೀ ತಾಳಗಳ ಪಟ್ಟಿ ಒಂದು ಫ್ರೆಂಚ್ ವಿಶ್ವಕೋಶದಲ್ಲಿ ಆತನ ಕಣ್ಣಿಗೆ ಬಿದ್ದಿತ್ತು. 1935ರಲ್ಲಿ ಕ್ರಿಸ್ತ ಜನನದ ಮೇಲೆ ಬರೆದ ಒಂಬತ್ತು ಆರ್ಗನ್ ಧ್ಯಾನಗಳಲ್ಲಿ ಆ ಪಟ್ಟಿಯ ರಾಗವರ್ಧನ ತಾಳ ಬರುತ್ತದೆ. ಆದರೆ ಆವರ್ತನ (ತಾಳದ ಸುತ್ತು) ಹಾಕಿ ಸಮ, ಅಂದರೆ ಸುತ್ತಿನ ಮೊದಲ ಪೆಟ್ಟು, ಕಾಯಬೇಡಿ. ಆತನಿಗೆ ಬೇಕಿದ್ದದ್ದು ಆ ಮಾತ್ರೆಗಳ ಲೆಕ್ಕ ಅಷ್ಟೇ. ನಾನು ಬೆರಳು ಎಣಿಸಲು ಹೋಗಿ ಎರಡು ಸಲ ಸೋತಿದ್ದೇನೆ.

ಇನ್ನೊಂದು, ಮೊಬೈಲ್ ಸ್ಪೀಕರ್‌ನಲ್ಲಿ ಕೇಳಬೇಡಿ. ದೊಡ್ಡ ಆರ್ಗನ್‌ಗಳಲ್ಲಿ 32 ಅಡಿಯ ಕೊಳವೆಗಳಿರುತ್ತವೆ, ಅವುಗಳ ದನಿ ಅದರಲ್ಲಿ ಬರುವುದೇ ಇಲ್ಲ. ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ.