ಅಪ್ಪ ನಸುಕಿನಲ್ಲಿ ಎದ್ದರೆ ಕಣ್ಣು ಕತ್ತಲಾಗುತ್ತದೆ, ಬಿಪಿ ಗುಳಿಗೆ ಬಿಡಿಸಬಹುದೇ?

ಸಿಂಧನೂರಿನಿಂದ ಕೇಳಿದ್ದೀರಿ. ಅಪ್ಪನಿಗೆ 68 ವರ್ಷ. ಬೆಳಿಗ್ಗೆ ಟೆಲ್ಮಿಸಾರ್ಟಾನ್ ಮತ್ತು ಹೈಡ್ರೋಕ್ಲೋರೋಥಯಝೈಡ್ ಕೂಡಿದ ಬಿಪಿ ಗುಳಿಗೆ, ರಾತ್ರಿ ಪ್ರಾಸ್ಟೇಟ್‌ಗೆ (ಗಂಡಸರ ಮೂತ್ರನಾಳದ ಸುತ್ತಲಿನ ಗ್ರಂಥಿ) ಟ್ಯಾಮ್ಸುಲೋಸಿನ್ 0.4 ಮಿ.ಗ್ರಾಂ ಕ್ಯಾಪ್ಸೂಲ್. ನಸುಕಿನಲ್ಲಿ ಮೂತ್ರಕ್ಕೆ ಎದ್ದವರು ಚಕ್ಕರ್ ಬಂದು ಬಚ್ಚಲ ಹತ್ತಿರ ಬಿದ್ದಿದ್ದಾರೆ.

ತಲೆಗೆ ಪೆಟ್ಟಾಗಿದ್ದರೆ ಅಥವಾ ಪ್ರಜ್ಞೆ ತಪ್ಪಿದ್ದರೆ ಇವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಬಿಪಿ ಗುಳಿಗೆಯನ್ನು ನೀವಾಗಿ ಬಿಡಿಸಬೇಡಿ. ನನಗೆ ಮೊದಲು ಅನುಮಾನ ಬರುವುದು ರಾತ್ರಿಯ ಕ್ಯಾಪ್ಸೂಲ್ ಮೇಲೆ.

ಮಲಗಿದವರು ಎದ್ದು ನಿಂತ ಕೂಡಲೇ ಅರ್ಧದಿಂದ ಒಂದು ಲೀಟರಿನಷ್ಟು ರಕ್ತ ಹೊಟ್ಟೆ, ಕಾಲುಗಳ ಕಡೆ ಇಳಿಯುತ್ತದೆ. ಕುತ್ತಿಗೆಯ ರಕ್ತನಾಳದಲ್ಲಿರುವ ನರತುದಿಗಳು ಒತ್ತಡ ಇಳಿದದ್ದನ್ನು ಮಿದುಳಿಗೆ ಮುಟ್ಟಿಸುತ್ತವೆ. ಆಗ ನಮ್ಮ ಅರಿವಿಲ್ಲದೆ ತಾನಾಗಿ ಕೆಲಸ ಮಾಡುವ ನರವ್ಯೂಹದ ಸಿಂಪಥೆಟಿಕ್ ಭಾಗ ನಾರ್‌ಅಡ್ರಿನಾಲಿನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡಿ, ಅದನ್ನು ಹಿಡಿಯುವ ಆಲ್ಫಾ-1 ಗ್ರಾಹಕಗಳ (ಸ್ನಾಯುಕೋಶಗಳ ಮೇಲಿನ ಸ್ವಿಚ್‌ಗಳಂಥವು) ಮೂಲಕ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಟ್ಯಾಮ್ಸುಲೋಸಿನ್ ತಡೆಯುವುದು ಈ ಗ್ರಾಹಕಗಳನ್ನೇ. ಪ್ರಾಸ್ಟೇಟ್ ಸುತ್ತಲಿನ ಸ್ನಾಯು ಸಡಿಲಾಗಿ ಮೂತ್ರ ಸರಾಗವಾಗುತ್ತದೆ, ಜೊತೆಗೆ ರಕ್ತನಾಳವೂ ಸ್ವಲ್ಪ ಸಡಿಲಾಗುತ್ತದೆ.

ಹೊತ್ತನ್ನೂ ಗಮನಿಸಿ. ಊಟದ ನಂತರ ನುಂಗಿದರೆ ಈ ಔಷಧಿ ರಕ್ತದಲ್ಲಿ ಗರಿಷ್ಠಕ್ಕೆ ಏರಲು 6–7 ತಾಸು ಬೇಕು. ರಾತ್ರಿ 9ಕ್ಕೆ ನುಂಗಿದರೆ ಸರಿಯಾಗಿ ಅವರು ಏಳುವ ನಸುಕಿನ ಹೊತ್ತು! ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಬೇಗ, ಹೆಚ್ಚು ಏರುತ್ತದೆ. ಹಾಗಾಗಿ ದಿನವೂ ಒಂದೇ ಹೊತ್ತಿನ ಊಟವಾಗಿ ಅರ್ಧ ತಾಸಿಗೆ ಕೊಡಿ, ಕ್ಯಾಪ್ಸೂಲ್ ಬಿಚ್ಚಬೇಡಿ.

ಇದರ ಮೇಲೆ ನಮ್ಮ ರಾಯಚೂರು ಕಡೆಯ 40 ಡಿಗ್ರಿ ದಾಟುವ ಬಿಸಿಲು. ಬೆವರಿನಲ್ಲಿ ನೀರು, ಉಪ್ಪು ಹೋಗುತ್ತದೆ, ಚರ್ಮದ ರಕ್ತನಾಳಗಳು ಹಿಗ್ಗುತ್ತವೆ. ಹೈಡ್ರೋಕ್ಲೋರೋಥಯಝೈಡ್ ಕೂಡ ಉಪ್ಪು ನೀರನ್ನೇ ಹೊರಹಾಕುವ ಔಷಧಿ. ಚಳಿಗಾಲದಲ್ಲಿ ಒಗ್ಗಿದ್ದ ಪ್ರಮಾಣವೇ ಮೇ ತಿಂಗಳಲ್ಲಿ ಹೆಚ್ಚಾಗಬಹುದು.

ಡಾಕ್ಟರ ಹತ್ತಿರ ಹೋಗುವ ಮುಂಚೆ ಮನೆಯಲ್ಲೇ ಅಳೆದು ಬರೆದಿಡಿ. 5 ನಿಮಿಷ ಮಲಗಿಸಿ ಬಿಪಿ, ನಾಡಿ ನೋಡಿ. ಎಬ್ಬಿಸಿ ನಿಲ್ಲಿಸಿ 1ನೇ ನಿಮಿಷಕ್ಕೆ, ಮತ್ತೆ 3ನೇ ನಿಮಿಷಕ್ಕೆ ನೋಡಿ. ತೋಳು ಎದೆಯ ಮಟ್ಟದಲ್ಲಿರಲಿ, ಪಕ್ಕದಲ್ಲಿ ಒಬ್ಬರು ನಿಂತಿರಲಿ, ಚಕ್ಕರ್ ಬಂದರೆ ತಕ್ಷಣ ಕೂರಿಸಿ. ಮೇಲಿನ ಅಂಕಿ 20, ಅಥವಾ ಕೆಳಗಿನದು 10 ಇಳಿದರೆ ನಿಂತಾಗ ಬಿಪಿ ಬೀಳುತ್ತಿದೆ ಎಂದರ್ಥ. ಬಿಪಿ ಬಿದ್ದರೂ ನಾಡಿ ಏರದಿದ್ದರೆ ಅದನ್ನೂ ಹೇಳಿ: ಹಳೆಯ ಶುಗರ್‌ನಿಂದ ನರಗಳೇ ದುರ್ಬಲವಾಗಿರಬಹುದು, ಬೀಟಾ ಬ್ಲಾಕರ್ (ನಾಡಿಯ ವೇಗ ತಗ್ಗಿಸುವ ಬಿಪಿ, ಹೃದಯದ ಔಷಧಿ) ತೆಗೆದುಕೊಳ್ಳುವವರಲ್ಲೂ ಹೀಗಾಗುತ್ತದೆ. ನಾಡಿ ಜೋರಾಗಿ ಏರಿದರೆ ನೀರು ಕಡಿಮೆಯಾಗಿರುವ ಸಾಧ್ಯತೆ ಹೆಚ್ಚು. ಈ ಚೀಟಿ ತೋರಿಸಿ, ಬೇಸಿಗೆಗೆ ಬಿಪಿ ಗುಳಿಗೆಯಲ್ಲಿನ ಹೈಡ್ರೋಕ್ಲೋರೋಥಯಝೈಡ್ ತೆಗೆಯಬಹುದೇ ಎಂದು ಕೇಳಿ.

ಅಲ್ಲಿಯವರೆಗೆ ಎದ್ದ ತಕ್ಷಣ ನಡೆಸಬೇಡಿ. ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು 2 ನಿಮಿಷ ಕೂರಲಿ, ಪಾದಗಳನ್ನು ಮೇಲೆ ಕೆಳಗೆ ಆಡಿಸಲಿ. ಮೂತ್ರ ಕೂತೇ ಮಾಡಲಿ. ನಿಂತು ಮಾಡುವಾಗ ಬೀಳುವವರು ಬಹಳ. ಮಂಚದ ಹತ್ತಿರವೇ ಯೂರಿನ್ ಪಾಟ್ ಇಟ್ಟರೆ ಇನ್ನೂ ಒಳ್ಳೆಯದು. ಹೃದಯ, ಕಿಡ್ನಿ ತೊಂದರೆಗೆ ನೀರು ಮಿತಗೊಳಿಸಿಲ್ಲದಿದ್ದರೆ ಹಗಲಲ್ಲಿ ಚೆನ್ನಾಗಿ ನೀರು ಕುಡಿಸಿ, ಸಂಜೆ ಮೇಲೆ ಕಡಿಮೆ ಮಾಡಿ. ವಾಂತಿ ಭೇದಿ ಶುರುವಾದರೆ ಬಿಪಿ ಗುಳಿಗೆ ಬಗ್ಗೆ ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ.

ನೆಗಡಿಗೆಂದು ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಗುಳಿಗೆಯನ್ನು ಮಾತ್ರ ಇವರಿಗೆ ಕೊಡಬೇಡಿ. ಅದರಲ್ಲಿನ ಫಿನೈಲ್‌ಎಫ್ರಿನ್ ಮೂತ್ರದ ದಾರಿಯನ್ನು ಬಿಗಿಯುತ್ತದೆ, ಕ್ಲೋರ್‌ಫೆನಿರಮಿನ್ ಮೂತ್ರಚೀಲದ ಹಿಂಡುವ ಶಕ್ತಿ ಕುಗ್ಗಿಸುತ್ತದೆ. ಪ್ರಾಸ್ಟೇಟ್ ತೊಂದರೆ ಇದ್ದವರಿಗೆ ಮೂತ್ರ ಪೂರ್ತಿ ಕಟ್ಟಿಬಿಡಬಹುದು. ಕಣ್ಣಿನ ಪೊರೆ ಆಪರೇಷನ್ ಇದ್ದರೆ ಟ್ಯಾಮ್ಸುಲೋಸಿನ್ ವಿಷಯವನ್ನು ಕಣ್ಣಿನ ಡಾಕ್ಟರಿಗೆ ಮೊದಲೇ ತಿಳಿಸಿ. ಪಾಪೆ ಹಿಗ್ಗಿಸುವ ಸ್ನಾಯುವಿನಲ್ಲೂ ಅದೇ ಆಲ್ಫಾ-1 ಗ್ರಾಹಕಗಳಿವೆ, ಹಾಗಾಗಿ ಆಪರೇಷನ್ ವೇಳೆ ಪಾಪೆ ಸರಿಯಾಗಿ ಹಿಗ್ಗದಿರಬಹುದು; ಔಷಧಿ ಹಿಂದೆಂದೋ ನಿಲ್ಲಿಸಿದ್ದರೂ ಹೇಳಬೇಕು.