ಜ್ವರವನ್ನು ಬಚ್ಚಿಡಬೇಡಿ

‘ಸ್ತನ ಕ್ಯಾನ್ಸರಿಗೆ ಮೂರನೆಯ ಕೀಮೋ ಆಗಿದೆ. ಒಗ್ಗರಣೆಯ ವಾಸನೆ ಬಂದರೂ ಸೊಸೆಯ ಮೇಲೆ ರೇಗುತ್ತೇನೆ, ಆಮೇಲೆ ನನ್ನನ್ನೇ ಶಪಿಸಿಕೊಳ್ಳುತ್ತೇನೆ. ಎಲ್ಲರೂ ಧೈರ್ಯವಾಗಿರು ಎನ್ನುತ್ತಾರೆ. ಅತ್ತರೆ ಕಾಯಿಲೆ ಹೆಚ್ಚುತ್ತದೆಯೇ? ಮೊನ್ನೆ ರಾತ್ರಿ ಜ್ವರ ಬಂದಿತ್ತು, ಮನೆಯವರ ನಿದ್ದೆ ಕೆಡಿಸುವುದೇಕೆಂದು ಸುಮ್ಮನಿದ್ದೆ.’
– ನಿವೃತ್ತ ಶಿಕ್ಷಕಿ, ಸಾಗರ

ಅಮ್ಮಾ, ನಿಮ್ಮ ಕೊನೆಯ ಸಾಲು ಓದಿ ಗಾಬರಿಯಾಯಿತು. ಕೀಮೋ ಔಷಧಿ ಬೇಗನೆ ವಿಭಜನೆಯಾಗುವ ಜೀವಕೋಶಗಳನ್ನೆಲ್ಲ ಹೊಡೆಯುತ್ತದೆ. ಕೂದಲಿನ ಬುಡ, ಬಾಯಿಯ ಒಳಪದರ, ರಕ್ತಕಣಗಳು ಹುಟ್ಟುವ ಅಸ್ಥಿಮಜ್ಜೆ ಯಾವುದನ್ನೂ ಬಿಡುವುದಿಲ್ಲ. ಹಲವು ಔಷಧಿಗಳಲ್ಲಿ, ಡ್ರಿಪ್ ಹಾಕಿದ 7ರಿಂದ 14 ದಿನಗಳೊಳಗೆ ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳು ತೀರಾ ಕೆಳಗಿಳಿಯುತ್ತವೆ. ಆಗ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೂ ತಕ್ಷಣ ಆಸ್ಪತ್ರೆಗೆ ಕರೆ ಮಾಡಬೇಕು. ಮಾತ್ರೆ ನುಂಗಿ ಬೆಳಗಿನ ತನಕ ಕಾಯುವಂತಿಲ್ಲ. ಮೊನ್ನೆಯ ಜ್ವರದ ವಿಷಯವನ್ನೂ ಈಗಲೇ ವೈದ್ಯರಿಗೆ ತಿಳಿಸಿ.

‘ನಾನು ಮನೆಗೆ ಹೊರೆ’ ಎಂಬ ಯೋಚನೆಯೇ ಆ ರಾತ್ರಿ ನಿಮ್ಮ ಬಾಯಿ ಕಟ್ಟಿಹಾಕಿತು. ಅದಕ್ಕೇ ತನ್ನ ಮೇಲಿನ ಕರುಣೆಯನ್ನು ನಾನು ಚಿಕಿತ್ಸೆಯ ಭಾಗವೆಂದೇ ಎಣಿಸುತ್ತೇನೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನ್ ನೆಫ್ 2003ರಲ್ಲಿ ಇದರಲ್ಲಿ ಮೂರು ಅಂಶಗಳನ್ನು ಗುರುತಿಸಿದರು: ತನ್ನೊಡನೆ ಮೆತ್ತಗೆ ಮಾತನಾಡುವುದು, ಕಷ್ಟ ತನಗೊಬ್ಬಳಿಗೇ ಬಂದದ್ದಲ್ಲವೆಂದು ಅರಿಯುವುದು, ನೋವನ್ನು ಮುಚ್ಚಿಡದೆ, ಹಿಗ್ಗಿಸದೆ ಇದ್ದಂತೆ ನೋಡುವುದು. ‘ಅಯ್ಯೋ, ನನ್ನ ಹಣೆಬರಹ’ ಎಂದು ಕೊರಗುವುದು ಇದಲ್ಲ. ‘ಇವತ್ತು ನನಗೆ ಸುಸ್ತು, ಸಹಾಯ ಬೇಕು’ ಎಂದು ಕೇಳುವುದು ಖಂಡಿತ ಇದೇ.

ಅಳುವ ಬಗ್ಗೆ ಕೇಳಿದ್ದೀರಿ. ಮನಸ್ಸು ಬಂದರೆ ಅತ್ತುಬಿಡಿ. ತಲೆ ಮತ್ತು ಕುತ್ತಿಗೆ ಕ್ಯಾನ್ಸರಿನ 1,093 ರೋಗಿಗಳ ಮೇಲೆ ಮನಶ್ಶಾಸ್ತ್ರಜ್ಞ ಜೇಮ್ಸ್ ಕೊಯ್ನ್ ಮತ್ತು ಸಂಗಡಿಗರು ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಗಿಯ ಭಾವನಾತ್ಮಕ ಸ್ಥಿತಿಗೂ ಬದುಕುಳಿಯುವ ಅವಧಿಗೂ ನಂಟು ಕಾಣಲಿಲ್ಲ. ಸದಾ ನಗುತ್ತಿರಬೇಕೆಂಬ ಒತ್ತಾಯವನ್ನು ರೋಗಿಯ ಮೇಲೆ ಹೇರುವುದು ಕ್ರೂರ. ಹೇಳುವವರ ಉದ್ದೇಶ ಒಳ್ಳೆಯದೇ ಇದ್ದರೂ ಈ ಮಾತು ನಿಜ.

ಒಗ್ಗರಣೆಯ ವಾಸನೆ ಸಹಿಸಲಾಗದಿರುವುದು ಔಷಧಿಯ ಪರಿಣಾಮ, ನಿಮ್ಮ ಗುಣದ ದೋಷವಲ್ಲ. ರೇಗಿದ್ದಕ್ಕೆ ಸೊಸೆಯ ಬಳಿ ಒಮ್ಮೆ ‘ತಪ್ಪಾಯಿತು’ ಎನ್ನಿ, ಅಲ್ಲಿಗೆ ಬಿಡಿ. ಡ್ರಿಪ್ ಆದ ಮೊದಲ ದಿನಗಳಲ್ಲಿ ಮೊಸರನ್ನ, ಗಂಜಿ ಸಾಕೆಂದು ಮುಂಚೆಯೇ ಹೇಳಿಡಿ. ವಾಕರಿಕೆಗೆ ಔಷಧಿಯಿದೆ, ವೈದ್ಯರನ್ನು ಕೇಳಿ.

ಬೇಸರ ಎರಡು ವಾರ ದಾಟಿದರೆ ಅದನ್ನೂ ವೈದ್ಯರಿಗೆ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಹಗಲಿರುಳು ಕನ್ನಡದಲ್ಲೇ ಮಾತನಾಡಬಹುದು. ಥರ್ಮಾಮೀಟರ್ ಮತ್ತು ಆಸ್ಪತ್ರೆಯ ತುರ್ತು ನಂಬರು ದಿಂಬಿನ ಪಕ್ಕದಲ್ಲಿರಲಿ. ಜ್ವರ ಬಂದರೆ ಎಷ್ಟು ಹೊತ್ತಾಗಿದ್ದರೂ ಸೊಸೆಯನ್ನು ಎಬ್ಬಿಸಿ.
– ಸಂಪಾದಕ