ಆದೇಶ ರದ್ದಾಗಿದೆ, ಕಾಯ್ದೆ ಹಾಗೇ ಇದೆ

ಪ್ರಶ್ನೆ: ನಾನು ವರ್ಜೀನಿಯಾದಲ್ಲಿ ಸಾಫ್ಟ್‌ವೇರ್ ಟೆಸ್ಟರ್. ನಮ್ಮ ಕಂಪನಿಗೆ ಬರುವುದೆಲ್ಲ ಅಮೆರಿಕ ಸರ್ಕಾರದ ಗುತ್ತಿಗೆ ಕೆಲಸ. ನನ್ನ ಜೊತೆಗೇ ಸೇರಿ, ಇದೇ ಕೆಲಸ ಮಾಡುವ ಗಂಡಸರೊಬ್ಬರಿಗೆ ನನಗಿಂತ ಹೆಚ್ಚು ಸಂಬಳವಂತೆ, ಅವರೇ ಹೇಳಿದರು. ಎಚ್‌ಆರ್‌ನಲ್ಲಿ ಕೇಳಿದರೆ, ‘ಗುತ್ತಿಗೆದಾರರ ಮೇಲಿದ್ದ ಆ ನಿಯಮವನ್ನು ಟ್ರಂಪ್ ತೆಗೆದಿದ್ದಾರೆ, ಸಂಬಳದ ಮಾತು ಯಾರ ಹತ್ತಿರವೂ ಆಡಬೇಡಿ’ ಎಂದರು. ನನಗೆ ದಾರಿಯೇ ಇಲ್ಲವೇ?
– ಹೆಸರು ಬೇಡವೆಂದ ಓದುಗರು

ಉತ್ತರ: ಎಚ್‌ಆರ್ ಹೇಳಿದ್ದರಲ್ಲಿ ಮೊದಲನೆಯದು ಅರ್ಧ ನಿಜ, ಎರಡನೆಯದು ತಪ್ಪು.

ರದ್ದಾದದ್ದು 1965ರಲ್ಲಿ ಅಧ್ಯಕ್ಷ ಜಾನ್ಸನ್ ಹೊರಡಿಸಿದ 11246ನೇ ಆದೇಶ. ಸರ್ಕಾರದ ಗುತ್ತಿಗೆ ಬೇಕಿದ್ದರೆ ಜನಾಂಗ, ಬಣ್ಣ, ಧರ್ಮ, ಮೂಲದೇಶ ನೋಡಿ ಭೇದ ಮಾಡುವಂತಿಲ್ಲ ಎಂಬ ಷರತ್ತು ಅದು; ಹೆಣ್ಣು-ಗಂಡೆಂಬ ಭೇದವೂ 1967ರಲ್ಲಿ ಅದರೊಳಗೆ ಸೇರಿತು. ನಾನು ಎಚ್‌ಆರ್‌ನಲ್ಲಿದ್ದಾಗ ಗುತ್ತಿಗೆದಾರರ ಮೇಲೆ ಕಣ್ಣಿಡುವ, ಕಾರ್ಮಿಕ ಇಲಾಖೆಯ ಓಎಫ್‌ಸಿಸಿಪಿ ಕಚೇರಿಯಿಂದ ತಪಾಸಣೆಯ ಪತ್ರ ಬಂತೆಂದರೆ ಇಡೀ ವಿಭಾಗಕ್ಕೆ ನಿದ್ದೆಯಿಲ್ಲ. ಯಾರೂ ದೂರದಿದ್ದರೂ ಅವರೇ ಸಂಬಳದ ಪಟ್ಟಿ ತರಿಸಿಕೊಂಡು ತಾಳೆ ನೋಡುತ್ತಿದ್ದರು. 2025ರ ಜನವರಿ 21ರಂದು ಆದೇಶದ ಜೊತೆ ಆ ತಪಾಸಣೆಯೂ ಹೋಯಿತು. ಸಣ್ಣ ನಷ್ಟವಲ್ಲ. ಈಗ ಬಾಯಿ ಬಿಡಬೇಕಾದವರು ನೀವೇ.

ಆದರೆ ಅಮೆರಿಕದ ಸಂಸತ್ತು, ಅಂದರೆ ಕಾಂಗ್ರೆಸ್ ಮಾಡಿದ ಕಾಯ್ದೆಯನ್ನು ಅಧ್ಯಕ್ಷರ ಸಹಿ ಅಳಿಸಲಾರದು. 1963ರ ಸಮಾನ ವೇತನ ಕಾಯ್ದೆ ಇದೆ. ಹದಿನೈದು ನೌಕರರಿದ್ದರೆ 1964ರ ನಾಗರಿಕ ಹಕ್ಕುಗಳ ಕಾಯ್ದೆಯೂ ಅನ್ವಯ. ಅಂಗವಿಕಲರು, ಮಾಜಿ ಸೈನಿಕರ ವಿಷಯದಲ್ಲಿ ಗುತ್ತಿಗೆದಾರರನ್ನೇ ಕಟ್ಟಿಹಾಕುವ 1973, 1974ರ ಕಾಯ್ದೆಗಳೂ ಇವೆ. ತಮಾಷೆಯೆಂದರೆ, ತಾರತಮ್ಯ ವಿರೋಧಿ ಕಾಯ್ದೆ ಮೀರುವ ಯಾವ ಡಿಇಐ (ವೈವಿಧ್ಯ, ಸಮಾನತೆ, ಒಳಗೊಳ್ಳುವಿಕೆ) ಕಾರ್ಯಕ್ರಮವನ್ನೂ ನಡೆಸುತ್ತಿಲ್ಲ ಎಂದು ಗುತ್ತಿಗೆದಾರರಿಂದ ಬರೆಸಿಕೊಳ್ಳಿ ಎನ್ನುವುದು ಟ್ರಂಪ್ ಅವರ ಆ ಹೊಸ ಆದೇಶವೇ! ನಿಮ್ಮ ಎಚ್‌ಆರ್‌ನವರು ಅದನ್ನು ಪೂರ್ತಿ ಓದಿದಂತಿಲ್ಲ.

ಸಂಬಳದ ಮಾತು: ಖಾಸಗಿ ಕಂಪನಿಯಲ್ಲಿ ಮೇಲ್ವಿಚಾರಕರಲ್ಲದವರು ತಮ್ಮತಮ್ಮಲ್ಲಿ ಅದನ್ನು ಆಡುವ ಹಕ್ಕಿಗೆ 1935ರ ಕಾರ್ಮಿಕ ಸಂಬಂಧ ಕಾಯ್ದೆಯ ರಕ್ಷಣೆಯಿದೆ. ಎಚ್‌ಆರ್ ಹೇಳಿದ್ದನ್ನು ತಾರೀಖು ಹಾಕಿ ಬರೆದಿಡಿ. ಪೇ ಸ್ಲಿಪ್, ಆಫರ್ ಲೆಟರ್, ವರ್ಷದ ರಿವ್ಯೂಗಳನ್ನು ಜೋಡಿಸಿಕೊಳ್ಳಿ. ಪ್ರಾಜೆಕ್ಟಿನ ಒಂದೇ ಒಂದು ಹಾಳೆಯನ್ನೂ ಸ್ವಂತ ಇ-ಮೇಲ್‌ಗೆ ಕಳಿಸಿಕೊಳ್ಳಬೇಡಿ. ಸರ್ಕಾರಿ ಕೆಲಸದಲ್ಲಿ ನಿಮ್ಮನ್ನು ಹೊರಗೆ ಹಾಕಲು ಅಷ್ಟೇ ನೆಪ ಸಾಕು. ಸೇವಾ ಹಿರಿತನ, ಕೆಲಸದ ಗುಣಮಟ್ಟ ಎಂದು ಕಂಪನಿ ಸಮಜಾಯಿಷಿ ಕೊಡಬಹುದು. ಆ ವ್ಯಕ್ತಿಯ ಅನುಭವ, ಹುದ್ದೆಯ ಹೆಸರನ್ನೂ ಮೊದಲೇ ತಿಳಿದುಕೊಳ್ಳಿ.

ದೂರು ಕೊಡಬೇಕಾದದ್ದು ಕೆಲಸದಲ್ಲಿನ ತಾರತಮ್ಯದ ದೂರು ನೋಡುವ ಕೇಂದ್ರ ಸರ್ಕಾರದ ಆಯೋಗ ಇಇಒಸಿಗೆ. ಗಡುವು 180 ದಿನ. ರಾಜ್ಯದ್ದೇ ಸಂಸ್ಥೆಯಿರುವ ವರ್ಜೀನಿಯಾದಂಥ ಕಡೆ 300. ಒಳಗಿನ ವಿಚಾರಣೆ ಮುಗಿಯಲಿ ಎಂದು ಕೂತರೆ ಗಡುವೇನೂ ನಿಮಗಾಗಿ ಕಾಯುವುದಿಲ್ಲ. ಸಮಾಧಾನವೆಂದರೆ, 2009ರ ಲಿಲಿ ಲೆಡ್‌ಬೆಟರ್ ಕಾಯ್ದೆಯಿಂದಾಗಿ ಕಡಿಮೆ ಕೊಟ್ಟ ಪ್ರತಿ ಸಂಬಳದಿಂದಲೂ ಆ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಸಮಾನ ವೇತನ ಕಾಯ್ದೆಯಡಿಯಾದರೆ ನೇರ ಕೋರ್ಟಿಗೇ ಹೋಗಬಹುದು. ಅವಧಿ ಎರಡು ವರ್ಷ, ಬೇಕೆಂದೇ ಮಾಡಿದ್ದರೆ ಮೂರು.

ವೀಸಾ ಬಗ್ಗೆ ನೀವು ಬರೆದಿಲ್ಲ. ಎಚ್-1ಬಿ ಆದರೂ ಈ ರಕ್ಷಣೆಯೆಲ್ಲ ಉಂಟು, ದೂರು ಕೊಟ್ಟರೆಂದು ಕೆಲಸದಿಂದ ತೆಗೆಯುವುದೂ ಕಾನೂನುಬಾಹಿರ. ಆದರೂ ಕೆಲಸ ಹೋದರೆ ಬೇರೆ ದಾರಿ ನೋಡಿಕೊಳ್ಳಲು, ಇಲ್ಲವೇ ದೇಶ ಬಿಡಲು ಸಿಗುವುದು ಹೆಚ್ಚೆಂದರೆ 60 ದಿನ. ಹಾಗಾಗಿ ದೂರಿಗೆ ಮುಂಚೆ ವೀಸಾ ವಕೀಲರನ್ನೂ ಒಮ್ಮೆ ಕಂಡುಬನ್ನಿ.